ಜಾಗದಕ್ಕನ ಲೈಸೆನ್ಸು

ಆಧಾರ್ ಕಾರ್ಡಿನ ಹೆಸರಿಗೂ ಪ್ಯಾನ್ ಕಾರ್ಡಿನ ಹೆಸರಿಗೂ ತಾಳೆಯಾಗದೆ ಹೋಗಬಹುದಿತ್ತು. ಫೋಟೋ ದೊಡ್ಡದಾಯಿತು ಎಂದು ವೆಬ್‌ಸೈಟು ಅದನ್ನು ಉಗುಳಬಹುದಿತ್ತು. ಒಟಿಪಿ ಬರುವಷ್ಟರಲ್ಲಿ ಕರೆಂಟು ಹೋಗಬಹುದಿತ್ತು, ಕರೆಂಟು ಬರುವಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿಯಬಹುದಿತ್ತು. ಕಟ್ಟಿದ ಶುಲ್ಕ ಬೆಂಗಳೂರು ಮುಟ್ಟದೆ ಶಿರಾಡಿ ಘಾಟಿಯಲ್ಲೆಲ್ಲೋ ನಿಂತುಬಿಡಬಹುದಿತ್ತು. ಬೆಂಗಳೂರಿನಿಂದ ಯಾರೋ ಅಧಿಕಾರಿ ಫೋನು ಮಾಡಿ, "ಈ ಹೆಂಗಸಿನ ಆಫೀಸು ನಿಮ್ಮ ಝೆರಾಕ್ಸ್ ಅಂಗಡಿಯೊಳಗೆ ಹೇಗೆ ಬಂತು?" ಎಂದು ಕೇಳಬಹುದಿತ್ತು. ಆಗ ನಾನು ಏನೇನೋ ಹೇಳಿ, ನನ್ನ ಅಂಗಡಿಯ ಲೈಸೆನ್ಸೇ ಹೋಗಬಹುದಿತ್ತು. ಎಲ್ಲ ಸರಿಯಾಗಿ ಲೈಸೆನ್ಸು ಬಂತು ಎಂದೇ ಇಟ್ಟುಕೊಳ್ಳಿ, ಮೂಡುಬಿದಿರೆಯ ಆ ಲೇಔಟಿನ ಗೇಟಿನಲ್ಲಿ ಗಲಾಟೆಯಾಗಬಹುದಿತ್ತು. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಒಬ್ಬ ಬ್ಯಾರಿ ಮತ್ತು ಒಂದು ದೈವದ ಕಲ್ಲು ಎಂಬಷ್ಟೇ ವಿಷಯ ಇಟ್ಟುಕೊಂಡು, ಸಂಜೆಯ ಚಹಾದೊಳಗೆ ಬಂಟ್ವಾಳದಿಂದ ಬೆಳ್ತಂಗಡಿಯವರೆಗಿನ ಎಲ್ಲ ವಾಟ್ಸಾಪ್ ಗುಂಪುಗಳಿಗೆ ಹಂಚಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಬ್ಯಾರಿ, ಈ ಕರಾವಳಿಯ ಮುಸಲ್ಮಾನ. ಬಂಟ್ವಾಳದ ತಾಲೂಕು ಕಚೇರಿಗೆ ಬರುವವರನ್ನು ನಂಬಿಕೊಂಡು ಒಂದು ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಸಿ ಕೊಡುತ್ತೇನೆ. ಮೊದಲು ಗಲ್ಫಿನ ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಕಂಪನಿ ಮುಚ್ಚುತ್ತದೆ ಎಂದು ಹೆದರಿ, ಮುಚ್ಚುವ ಮೊದಲೇ ಊರಿಗೆ ಬಂದೆ. ಕಂಪನಿ ಇನ್ನೂ ನಡೆಯುತ್ತಿದೆ.

ಲೈಸೆನ್ಸು ಬೇಕಾಗಿದ್ದ ಆ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದದ್ದು ಜಾಗದಕ್ಕ ಎಂದು. ವೇಣೂರಿನ ಕಡೆಯವರು. ಜಾಗ ತೋರಿಸುವುದು, ಮಾರಿಸುವುದು, ಕೊಡಿಸುವುದು ಅವರ ಕಸುಬು. ನಮ್ಮ ಕಡೆ ಜಾಗದ ಬ್ರೋಕರುಗಳೆಂದರೆ ಬಿಳಿ ಅಂಗಿ, ಅಂಗಿಯ ಜೇಬಿನಲ್ಲಿ ಎರಡು ಫೋನು, ಹೋಟೆಲಿನ ಮೂಲೆಯ ಮೇಜು. ಇವರದು ವಾಯಿಲ್ ಸೀರೆ, ರಬ್ಬರ್ ಚಪ್ಪಲಿ, ಗಂಡಸರು ಹಿಡಿಯುವಂಥ ದೊಡ್ಡ ಕಪ್ಪು ಕೊಡೆ, ಮತ್ತು ಒಂದು ಬಾಟಲಿ ನೀರು. ಆ ನೀರು ಕುಡಿಯಲಿಕ್ಕಲ್ಲ. ಹೊಸ ಜಾಗಕ್ಕೆ ಹೋದರೆ ಮೊದಲು ಅದನ್ನು ನೆಲಕ್ಕೆ ಸುರಿದು, ಸೊಂಟಕ್ಕೆ ಕೈ ಕೊಟ್ಟು, ಮಣ್ಣು ಅದನ್ನು ಎಷ್ಟು ಹೊತ್ತಿನಲ್ಲಿ ಎಳೆದುಕೊಳ್ಳುತ್ತದೆ ಎಂದು ನೋಡುತ್ತಾ ನಿಲ್ಲುವುದು. ನೋಡಿ ಏನು ತಿಳಿಯುತ್ತಿತ್ತೋ ನನಗೆ ಗೊತ್ತಿಲ್ಲ. ಒಮ್ಮೆ ಕೇಳಿದೆ. "ಎಂತ ಗೊತ್ತಾಗ್ತದೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ ಬ್ಯಾರಿಗಳೇ. ಆದ್ರೆ ನಾನು ನೀರು ಹೊಯ್ದು ಸುಮ್ಮನೆ ನಿಂತ್ರೆ ಮಾರುವವ ತಾನಾಗಿ ಸತ್ಯ ಹೇಳ್ಲಿಕ್ಕೆ ಸುರು ಮಾಡ್ತಾನೆ" ಎಂದರು. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಕನ್ನಡಕ್ಕೆ ಇಳಿಸುವಾಗ ಅರ್ಧ ಖಾರ ಹೋಗಿದೆ.

ಪ್ರಾಯದಲ್ಲಿ ಬೀಡಿ ಕಟ್ಟುತ್ತಿದ್ದರು. ಕಸುಬು ಸುರುವಾದದ್ದೂ ಅಲ್ಲಿಂದಲೇ. ಕಟ್ಟಿದ ಬೀಡಿ ಒಪ್ಪಿಸಲು ಬೀಡಿ ಬ್ರಾಂಚಿನ ಜಗಲಿಯಲ್ಲಿ ಹೆಂಗಸರು ಕಾದು ಕೂರುತ್ತಾರಲ್ಲ, ಅಲ್ಲಿ ಯಾರ ಮನೆಯ ಅಣ್ಣತಮ್ಮಂದಿರಿಗೆ ಮಾತಿಲ್ಲ, ಯಾರ ಮಗ ಮಸ್ಕತ್ತು ಬಿಟ್ಟು ಪೂರ್ತಿ ಊರಿಗೆ ಬರುವವನಿದ್ದಾನೆ, ಯಾರ ಬಾವಿ ಬೇಸಗೆಗೆ ಮೊದಲೇ ತಳ ಕಾಣುತ್ತದೆ, ಎಲ್ಲ ತಿಳಿಯುತ್ತದೆ. ಯಾವ ಜಾಗ ಮಾರಾಟಕ್ಕೆ ಬರುತ್ತದೆ ಎಂಬುದು ಅದರ ಯಜಮಾನನಿಗೆ ಹೊಳೆಯುವ ಮೊದಲೇ ಇವರಿಗೆ ಗೊತ್ತಿರುತ್ತಿತ್ತು. ಬೀಡಿ ಕಟ್ಟುವುದು ಬಿಟ್ಟ ಮೇಲೂ ಬ್ರಾಂಚಿನ ಜಗಲಿ ಬಿಡಲಿಲ್ಲ.

ನಾನು ಮೊದಲ ಸಲ ಅವರನ್ನು ಕಂಡು ಬೆಚ್ಚಿಬಿದ್ದದ್ದು ನನ್ನ ಅಂಗಡಿಯಲ್ಲೇ. ವಾಮದಪದವಿನ ಕಡೆಯ ಒಂದು ಜಾಗ ನೋಡಿ ಬಂದ ಗಂಡ ಹೆಂಡತಿಯನ್ನು ಕರೆದುಕೊಂಡು ಪಹಣಿಯ ಪ್ರತಿ ತೆಗೆಸಲು ಬಂದಿದ್ದರು. ನಾನು ಕಾಗದ ಯಂತ್ರಕ್ಕೆ ಇಡುತ್ತಿದ್ದೇನೆ, ಹಿಂದೆ ಇವರ ಗಟ್ಟಿ ಸ್ವರ.

"ಬಾವಿ ಉಂಟು ಅಂತ ಕುಣಿಬೇಡಿ. ಏಪ್ರಿಲ್‌ನಲ್ಲಿ ಅದರೊಳಗೆ ಇಳಿದು ಚಾಪೆ ಹಾಸಿ ಮಲಗ್ಬಹುದು. ತಂಪು ಮಾತ್ರ ಒಳ್ಳೆದುಂಟು."

ಗಂಡ ನಗಬೇಕೋ ಬೇಡವೋ ಎಂದು ಹೆಂಡತಿಯನ್ನು ನೋಡಿದ.

"ಮತ್ತೆ ಪಕ್ಕದ ಮನೆಯವ. ತುಂಬ ಒಳ್ಳೆ ಜನ, ಕುಡಿಯದಿದ್ರೆ. ಕುಡಿಯದ ದಿವಸ ನಾನು ನೋಡಿಲ್ಲ."

ನನ್ನ ಕೈಯಲ್ಲಿದ್ದ ಕಾಗದ ಓರೆಯಾಗಿ ಹೋಗಿ ಯಂತ್ರದಲ್ಲಿ ಸಿಕ್ಕಿಕೊಂಡಿತು. ಮಾರಲು ಬಂದವರು ಹೀಗೆ ಮಾತಾಡುವುದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಇನ್ನೂ ಆಶ್ಚರ್ಯವೆಂದರೆ ಅವರು ಆ ಜಾಗ ತೆಗೆದುಕೊಂಡರು. ಮೊದಲು ದೂರು, ಆಮೇಲೆ ದರ, ಇದು ಅವರ ಕ್ರಮ. "ತೆಗೊಂಡ ಮೇಲೆ ಗೊತ್ತಾದ ದೂರಿಗೆ ಜಗಳ ಆಗ್ತದೆ. ಮೊದಲೇ ಗೊತ್ತಿದ್ರೆ ಅಭ್ಯಾಸ ಆಗ್ತದೆ. ಮದುವೆ ಹಾಗೆಯೇ. ನನಗೆ ಯಾರೂ ಮೊದಲೇ ಹೇಳಿರ್ಲಿಲ್ಲ" ಎಂದಿದ್ದರು.

ದೇವತೆಯಂಥ ಹೆಂಗಸು ಎಂದು ತಿಳಿಯಬೇಡಿ. ಕಮಿಷನಿನ ವಿಷಯದಲ್ಲಿ ಅವರ ಹತ್ತಿರ ಯಾವ ದಾಕ್ಷಿಣ್ಯವೂ ನಡೆಯುತ್ತಿರಲಿಲ್ಲ. ಚಹಾ ಕೊಡದ ಮನೆಯವರ ಜಾಗ ಮಾರಿಕೊಡುತ್ತಿರಲಿಲ್ಲ, ಸಕ್ಕರೆ ಕಮ್ಮಿ ಹಾಕಿ ಕೊಟ್ಟವರ ಜಾಗವನ್ನು ನಿಧಾನವಾಗಿ ಮಾರಿಕೊಡುತ್ತಿದ್ದರು. ದೂರದ ಅಂದಾಜಂತೂ ಇರಲೇ ಇಲ್ಲ. ಎಲ್ಲವೂ "ಇಲ್ಲೇ." ಇಲ್ಲೇ ಎಂದು ಹೇಳಿ ಮಂಗಳೂರಿನ ಒಬ್ಬ ಡಾಕ್ಟರನ್ನು ನೆರಿಯದಲ್ಲಿ ಕಾಡಿನ ಅಂಚಿನವರೆಗೆ ನಡೆಸಿದ್ದರು. ಇಂಬಳ ಕಚ್ಚಿಸಿಕೊಂಡು ವಾಪಸು ಬಂದ ಡಾಕ್ಟರಿಗೆ ಹೇಳಿದ್ದು, "ರಕ್ತ ನೋಡಿ ನಿಮಗೆ ಅಭ್ಯಾಸ ಅಲ್ವಾ?" ವಿಸ್ತೀರ್ಣವೂ ಅಷ್ಟೇ. ಅವರು ಕಣ್ಣಳತೆಯಲ್ಲಿ ಹೇಳಿದ ಸೆಂಟ್ಸು ಸರ್ವೆಯವನ ಅಳತೆಯ ಸಂಕೋಲೆಗೆ ಎಂದೂ ಹೊಂದಿಕೆಯಾದದ್ದಿಲ್ಲ.

ಇಂಥವರು ಕಳೆದ ಮಳೆಗಾಲದಲ್ಲಿ ಒಂದು ದಿನ ಬಂದು, ಕೊಡೆಯನ್ನು ನನ್ನ ಪ್ರಿಂಟರಿಗೆ ಒರಗಿಸಿ, ಸ್ಟೂಲಿನ ಮೇಲೆ ಕುಳಿತು, "ಬ್ಯಾರಿಗಳೇ, ನನಗೆ ಲೈಸೆನ್ಸ್ ಮಾಡಿಸ್ಬೇಕು" ಎಂದರು.

"ಸ್ಕೂಟರಿಗಾ?"

"ಜಾಗ ಮಾರ್ಲಿಕ್ಕೆ."

ನನಗೆ ನಿಜಕ್ಕೂ ಗಾಬರಿಯಾಯಿತು. ಇಷ್ಟು ವರ್ಷ ಬಾಯಿಮಾತಿನಲ್ಲೇ ಮೂರು ತಾಲೂಕು ತಿರುಗಿದವರು! ಯಾರೋ ಕೇಸು ಹಾಕಿದ್ದಾರೆ ಎಂದೇ ತಿಳಿದೆ. ವಿಷಯ ಅದಲ್ಲ.

ಮೂಡುಬಿದಿರೆಯಿಂದ ಸ್ವಲ್ಪ ಆಚೆ ಒಂದು ಪದವು, ಎತ್ತರದ ಕಲ್ಲು ನೆಲ. ಮಕ್ಕಳಿಲ್ಲದ ಒಬ್ಬ ಹೆಂಗಸಿಗೆ ಸೇರಿದ್ದು. ಅದನ್ನು ಹೊರಗಿನ ಒಂದು ಲೇಔಟ್ ಕಂಪನಿಗೆ ಕೊಡಿಸಿದವರು ಜಾಗದಕ್ಕನೇ. ಆ ಜಾಗದ ಒಂದು ಮೂಲೆಯಲ್ಲಿ ಮನೆತನದ ದೈವದ ಕಲ್ಲು. ಗುಡಿಯಿಲ್ಲ, ಕಟ್ಟೆಯಿಲ್ಲ, ಬರಿಯ ಕಲ್ಲು. ವರ್ಷಕ್ಕೊಮ್ಮೆ ಒಂದು ಎಳನೀರು, ಎಲೆ ಅಡಿಕೆ ಇಟ್ಟು ಕೈಮುಗಿದರೆ ಮುಗಿಯಿತು. ನಮ್ಮ ಕಡೆ ಜಾಗ ಮಾರುವಾಗ ಯಾವ ಕಾಗದದಲ್ಲೂ ಬರೆಯದ ಒಂದು ಕ್ರಮ ಉಂಟು. ಜಾಗದಲ್ಲಿ ನಾಗನೋ ದೈವವೋ ಇದ್ದರೆ ಮಾರುವವರು ಕೊಳ್ಳುವವರಿಗೆ ಬಾಯಿ ಬಿಟ್ಟು ಹೇಳಬೇಕು, ಕೊಳ್ಳುವವರು ಬಾಯಿ ಬಿಟ್ಟು ಒಪ್ಪಬೇಕು. ಹೇಳದೆ ಮಾರಿದರೆ ಅದು ಮಾರಿದವರನ್ನೂ ನಡುವೆ ನಿಂತು ಮಾರಿಸಿದವರನ್ನೂ ಬಿಡುವುದಿಲ್ಲ ಎಂದು ನಂಬಿಕೆ. ನಾವು ಬ್ಯಾರಿಗಳು ಇದನ್ನು ನಂಬುವುದಿಲ್ಲ. ಆದರೆ ತಂಟೆಗೂ ಹೋಗುವುದಿಲ್ಲ.

ಆ ಹೆಂಗಸು ಜಾಗ ಮಾರಿ ಮುಂಬಯಿಯ ತಂಗಿಯ ಮನೆಗೆ ಹೊರಡುವ ಮೊದಲು ಜಾಗದಕ್ಕನನ್ನು ಆ ಕಲ್ಲಿನ ಹತ್ತಿರ ನಿಲ್ಲಿಸಿ, ಮುಂದೆ ಯಾರು ತೆಗೆದುಕೊಂಡರೂ ಅವರಿಗೆ ಹೇಳಿಯೇ ಕೊಡಬೇಕು ಎಂದು ಮಾತು ತೆಗೆದುಕೊಂಡಿದ್ದರು. ಮುಂಬಯಿಯಲ್ಲಿ ಅವರು ಹೆಚ್ಚು ಕಾಲ ಬದುಕಲಿಲ್ಲ. ಎಳನೀರಿನ ಕೆಲಸವನ್ನು ಜಾಗದಕ್ಕನೇ ಮುಂದುವರಿಸಿದ್ದರು. ಈಗ ಕಂಪನಿ ಆ ಪದವು ನೆಲವನ್ನು ಸೈಟುಗಳಾಗಿ ತುಂಡು ಮಾಡಿತ್ತು. ಕಲ್ಲಿದ್ದ ಮೂಲೆಯೂ ನಕ್ಷೆಯಲ್ಲಿ ಒಂದು ಸೈಟು. ಚೌತಿ ಕಳೆದ ಮೇಲೆ ಬುಕಿಂಗ್. ಗೇಟಿನಲ್ಲಿ ಬೋರ್ಡು: ಲೈಸೆನ್ಸ್ ಹೊಂದಿದ ಏಜೆಂಟರಿಗೆ ಮಾತ್ರ ಪ್ರವೇಶ.

"ಮ್ಯಾನೇಜರಿಗೆ ಹೇಳಿದ್ರೆ ಸಾಕಲ್ಲ?" ಎಂದೆ.

"ಹೇಳಿದೆ. ಅವ, 'ಸರಿ ಆಂಟಿ, ನೋಟ್ ಮಾಡ್ಕೋತೀನಿ' ಅಂದ. ಎಲ್ಲಿ ನೋಟ್ ಮಾಡಿದ? ಕೈಯಲ್ಲಿ ಪೆನ್ನೇ ಇರ್ಲಿಲ್ಲ!"

"ಗೇಟಿನ ಹೊರಗೆ ನಿಂತು ಬಂದವರಿಗೆ ಹೇಳುವ."

"ಗೇಟಿನ ಹೊರಗೆ ನಿಂತು ಹೇಳಿದ್ರೆ ಹುಚ್ಚಿ ಅಂತ ಹೇಳ್ತಾರೆ ಮಾರಾಯ್ರೆ. ಅದೇ ಮಾತು ಒಳಗೆ ಕುರ್ಚಿಯಲ್ಲಿ ಕೂತು ಹೇಳಿದ್ರೆ ಮಾಹಿತಿ. ನನಗೆ ಆ ಕುರ್ಚಿ ಬೇಕು. ಆ ಹೆಂಗ್ಸಿನ ಕೈ ಹಿಡಿದು ಮಾತು ಕೊಟ್ಟಿದ್ದೇನೆ ನಾನು."

ಹೀಗೆ ಸುರುವಾಯಿತು. ನಾನು ಹೆದರುತ್ತಾ ಒಂದೊಂದೇ ಕಾಲಂ ಓದುವುದು, ಅವರು ಹೆದರದೆ ಉತ್ತರ ಕೊಡುವುದು.

"ಮೂರು ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೇಳ್ತಾರೆ ಅಕ್ಕ. ಇಲ್ಲಿಗೇ ಮುಗೀತು. ಇನ್ನು ಬಿಡುವ" ಎಂದು ನಾನು ಕಂಪ್ಯೂಟರು ಬಂದ್ ಮಾಡಲು ಕೈ ಚಾಚಿದೆ. ಅವರು ಪ್ಲಾಸ್ಟಿಕ್ ಚೀಲದಿಂದ ಎಲ್ಲವನ್ನೂ ತೆಗೆದು ಮೇಜಿನ ಮೇಲಿಟ್ಟರು. ನಾನೇ ಸಲ್ಲಿಸದ ರಿಟರ್ನು!

"ಎಂತ ನೋಡ್ತೀರಿ? ವೇಣೂರಿನಲ್ಲಿ ಒಬ್ರು ಆಡಿಟರಿಗೆ ಜಾಗ ಕೊಡಿಸಿದ್ದೆ. ಅವ್ರಿಂದ ಕಮಿಷನ್ ಪೂರ್ತಿ ಬರ್ಲಿಲ್ಲ. ಉಳಿದದ್ದನ್ನು ಹೀಗೆ ವಸೂಲ್ ಮಾಡ್ತಾ ಇದ್ದೇನೆ."

"ನಿಮ್ಮ ಮೇಲೆ ಪೊಲೀಸ್ ಕೇಸು ಉಂಟಾ?"

"ನನ್ನ ಮೇಲೆ ಇಲ್ಲ. ನಮ್ಮ ಯಜಮಾನ್ರ ಮೇಲೆ ಉಂಟು. ಕೋಳಿ ಅಂಕದಲ್ಲಿ ಜೂಜು ಕಟ್ಟಿದ್ದು."

"ಯಜಮಾನ್ರು ತೀರಿಹೋಗಿ ಎಷ್ಟೋ ವರ್ಷ ಆಯ್ತಲ್ಲ!"

"ಅವ್ರು ಹೋದ್ರು. ಕೇಸು ಗಟ್ಟಿಮುಟ್ಟಾಗಿ ಉಂಟು."

ಅದನ್ನು ನಮೂದಿಸಬೇಕೋ ಬೇಡವೋ ಎಂದು ಯೋಚಿಸಿ ಯೋಚಿಸಿ ನನಗೆ ಊಟ ಸೇರಲಿಲ್ಲ. ವ್ಯವಹಾರದ ವಿಳಾಸ ಎಂಬ ಕಾಲಂ ಬಂದಾಗ ಅವರು ನನ್ನ ಅಂಗಡಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ನೆಲಕ್ಕೆ ನೀರು ಸುರಿದು ನೋಡುವಾಗಿನ ಅದೇ ನೋಟ. "ಈ ಸ್ಟೂಲಿನಷ್ಟು ಜಾಗ ನನಗೆ ಬರೆದುಕೊಡಿ ಬ್ಯಾರಿಗಳೇ, ಸಾಕು." ಬೇಡ ಎನ್ನಲು ಬಾಯಿ ಬರಲಿಲ್ಲ. ನನ್ನ ಅಂಗಡಿಯ ವಿಳಾಸ, ನನ್ನ ಅಂಗಡಿಯ ಫೋನು ನಂಬ್ರ ಅವರ ಆಫೀಸಿನದಾಯಿತು.

ಫೋಟೋಕ್ಕೆ ಮಾತ್ರ ಅವರು ಹೆದರಿದರು. ಬಿಳಿ ಪರದೆಯ ಮುಂದೆ ಕುಳಿತದ್ದೇ ಮುಖ ಗಂಟಾಯಿತು. "ಸ್ವಲ್ಪ ನಗಿ ಅಕ್ಕ" ಎಂದರೆ, "ನಕ್ಕರೆ ಬ್ರೋಕರ್ ಹಾಗೆ ಕಾಣ್ತೇನೆ" ಎಂದರು.

ಆಮೇಲೆ ಕಾಯುವುದು. ದಿನಾ ಬೆಳಿಗ್ಗೆ ಅಂಗಡಿ ತೆರೆದು ಮೊದಲು ಇಮೇಲ್ ನೋಡುವುದು ನನಗೆ ಚಟವಾಯಿತು. ಏನೂ ಬಂದಿರದಿದ್ದರೆ ಚಿಂತೆ, ಏನಾದರೂ ಬಂದಿದ್ದರೆ ಇನ್ನೂ ಚಿಂತೆ. ಅವರು ಮಾತ್ರ ಬೆಳ್ತಂಗಡಿಯಲ್ಲೋ ವೇಣೂರಿನಲ್ಲೋ ಬಸ್ಸಿನಿಂದ ಇಳಿಯುತ್ತಾ ಫೋನು ಮಾಡಿ, "ಬಂತಾ?" ಎನ್ನುವುದು. ಇಲ್ಲ ಎಂದರೆ, "ಬರ್ಲಿಕ್ಕುಂಟು" ಎಂದು ಇಟ್ಟುಬಿಡುವುದು. ಚೌತಿ ಬಂದು ಮೋದಕದ ಅಂಗಡಿಗಳು ಎದ್ದವು. ಬುಕಿಂಗ್ ಸುರುವಾಗುವ ವಾರವೂ ಬಂತು. ಅವರ ಫೋನು ಬಂದರೆ ಎತ್ತಲು ನನಗೆ ಸಂಕಟವಾಗತೊಡಗಿತು. ಅವರ ಸ್ವರದಲ್ಲೂ ಏನೋ ಇಳಿದಿತ್ತು. ಒಂದು ಸಂಜೆ, "ಬರದಿದ್ರೆ ಎಂತ ಮಾಡುವ?" ಎಂದು ಕೇಳಿದರು. ಅವರು ನನ್ನ ಹತ್ತಿರ ಇಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು. ಇಂಥ ಪ್ರಶ್ನೆ ಕೇಳುವುದು ನನ್ನ ಕೆಲಸ, ಅವರದಲ್ಲ.

ಮರುದಿನ ಬಂತು. ನಂಬ್ರ, ಫೋಟೋ, ಅಂಗಡಿಯ ವಿಳಾಸ, ಎಲ್ಲ ಸರಿಯಾಗಿ. ಒಂದು ತಪ್ಪೂ ಇಲ್ಲ. ತಪ್ಪು ಹುಡುಕಿ ಹುಡುಕಿ ನನಗೆ ಸಾಕಾಯಿತು. ಅವರು ಓಡೋಡಿ ಬಂದು, ಪ್ರಿಂಟು ಕೈಯಲ್ಲಿ ಹಿಡಿದು, ಗಂಟು ಮುಖದ ತಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದರು.

"ಲೈಸೆನ್ಸ್ ಬಂದ ಮೇಲೆ ಸುಳ್ಳು ಹೇಳ್ಬಹುದಾ?"

"ಹೇಳ್ಬಾರ್ದು. ಸೈಟಿನ ವಿಷಯ ಮುಚ್ಚಿಟ್ರೆ ಕಷ್ಟ ಉಂಟು. ದಂಡ, ಲೈಸೆನ್ಸ್ ರದ್ದು, ಎಲ್ಲ ಉಂಟು."

"ಹಾಗಾದ್ರೆ ಇಷ್ಟು ವರ್ಷ ಲೈಸೆನ್ಸ್ ಇಲ್ಲದೆಯೇ ನಾನು ಲೈಸೆನ್ಸಲ್ಲಿ ಇದ್ದೆ" ಎಂದು ಅದಕ್ಕೆ ಲ್ಯಾಮಿನೇಷನ್ ಹಾಕಿಸಿಕೊಂಡರು. ನಂಬ್ರ ಹಾಕಿ ಸಣ್ಣ ಕಾರ್ಡುಗಳನ್ನೂ ಮುದ್ರಿಸಿಕೊಂಡರು. ಅದರಲ್ಲಿ 'ಹೆಡ್ ಆಫೀಸ್' ಎಂದು ನನ್ನ ಅಂಗಡಿ. ಬೇರೆ ಆಫೀಸೇ ಇಲ್ಲದಿರುವಾಗ ಹೆಡ್ ಯಾಕೆ ಎಂದು ಕೇಳಿದೆ. "ಇರ್ಲಿ ಮಾರಾಯ್ರೆ, ನಿಮಗೂ ಒಂದು ಮರ್ಯಾದೆ" ಎಂದರು.

ಬುಕಿಂಗಿನ ದಿನ ನನ್ನನ್ನೂ ಎಳೆದುಕೊಂಡು ಹೋದರು. ಗೇಟಿನವ ಲ್ಯಾಮಿನೇಷನ್ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಸಲಾಂ ಹೊಡೆದು ಒಳಗೆ ಬಿಟ್ಟ. ಶೀಟು ಹಾಕಿದ ಆಫೀಸು, ಎಸಿ, ಗೋಡೆಯಲ್ಲಿ ಬಣ್ಣಬಣ್ಣದ ನಕ್ಷೆ. ಅವರು ಹೋಗಿ ಕುರ್ಚಿಯಲ್ಲಿ ಕುಳಿತು, ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, "ಮೂಲೆಯ ಸೈಟು ಕೇಳುವವರು ಬಂದ್ರೆ ನನ್ನ ಹತ್ತಿರ ಕಳಿಸಿ" ಎಂದರು. ಬೆಂಗಳೂರಿನ ಎಳೆ ವಯಸ್ಸಿನ ಮ್ಯಾನೇಜರ್ ಖುಷಿಯಲ್ಲಿ, "ಆಂಟಿ, ಆಗ್ಲೇ ಬಂದಿದ್ದಾರೆ! ಗಲ್ಫ್ ಪಾರ್ಟಿ. ನೀವೇ ಕ್ಲೋಸ್ ಮಾಡಿ" ಎಂದು ಬಾಗಿಲು ತೆರೆದ.

ಒಳಗೆ ಬಂದದ್ದು ನನ್ನ ಭಾವ. ಹಿಂದೆ ನನ್ನ ತಂಗಿ.

ನಾನು ಎದ್ದು ನಿಂತೆ. ಮತ್ತೆ ಕುಳಿತೆ. ಮತ್ತೆ ಎದ್ದೆ.

"ನೀನೆಂತ ಇಲ್ಲಿ?" ಎಂದ ಭಾವ.

"ನೀವೆಂತ ಇಲ್ಲಿ? ನನಗೆ ಒಂದು ಮಾತು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ನಿನಗೆ ಹೇಳಿದ್ರೆ ನೀನು ಭೂಕಂಪದ ಲೆಕ್ಕ ಹಾಕ್ತಿ. ರಿಜಿಸ್ಟ್ರಿ ಆಗಿ ಹೇಳುವ ಅಂತ ಇದ್ದೆವು."

ಮೂರು ತಾಲೂಕಿನಲ್ಲಿ ಆ ಮೂಲೆಯೇ ಬೇಕಾಯಿತೇ ಇವರಿಗೆ! ವಾಟ್ಸಾಪ್ ಗುಂಪುಗಳು ಕಣ್ಣ ಮುಂದೆ ಸಾಲಾಗಿ ಬಂದವು. ನಾನು ಜಾಗದಕ್ಕನಿಗೆ ಕಣ್ಸನ್ನೆ ಮಾಡಿದೆ. ಹೇಳಬೇಡಿ ಎಂದೋ, ಹೇಳಿ ಎಂದೋ, ನನಗೇ ಗೊತ್ತಿರಲಿಲ್ಲ. ಅವರು ನನ್ನ ಕಡೆ ನೋಡಲೇ ಇಲ್ಲ.

"ಸೈಟು ಒಳ್ಳೆದುಂಟು. ದೂರು ಕೇಳಿ. ಗಾಳಿ ಜಾಸ್ತಿ, ಮಳೆಗಾಲದಲ್ಲಿ ಶೀಟು ಹಾಕಿದ್ರೆ ಕಾರ್ಕಳದಲ್ಲಿ ಹುಡುಕ್ಬೇಕು. ಬಾವಿಗೆ ಕಲ್ಲು ಸಿಗ್ತದೆ. ಮತ್ತೆ ಒಂದು ಮುಖ್ಯ. ನಿಮ್ಮ ಸೈಟಿನ ಅಂಚಿಗೆ ದೈವದ ಕಲ್ಲು ಉಂಟು. ಅದನ್ನು ತೆಗಿಲಿಕ್ಕಿಲ್ಲ, ಮುಚ್ಚಲಿಕ್ಕಿಲ್ಲ. ಆಗ್ತದಾದ್ರೆ ಹೇಳಿ, ಮತ್ತೆ ದರ ಮಾತಾಡುವ."

ಮ್ಯಾನೇಜರ್ ಬೆಳ್ಳಗಾದ. "ಅಮ್ಮಾ! ನೀವು ನಮ್ಮ ಕಡೆ ಏಜೆಂಟಾ, ವಿರೋಧ ಪಕ್ಷನಾ?"

"ಸುಮ್ಮನಿರಿ ಮಗ. ಲೈಸೆನ್ಸಲ್ಲಿ ಮುಚ್ಚಿಡ್ಬಾರ್ದು ಅಂತ ಉಂಟು. ಕೇಳಿ ಬೇಕಾದ್ರೆ ಬ್ಯಾರಿಗಳ ಹತ್ತಿರ."

ಭಾವ ಕುರ್ಚಿ ಮುಂದಕ್ಕೆ ಎಳೆದುಕೊಂಡ.

"ಕಲ್ಲು ಎಷ್ಟು ದೊಡ್ಡದು?"

"ಒಂದು ಹಲಸಿನಕಾಯಿಯಷ್ಟು."

"ಅದು ಎಂತ ಮಾಡ್ತದೆ?"

"ಎಂತದೂ ಮಾಡುದಿಲ್ಲ. ನೀವು ಎಂತದೂ ಮಾಡದಿದ್ರೆ."

ಆಗ ನನ್ನ ತಂಗಿ, ಅಲ್ಲಿಯವರೆಗೆ ನಕ್ಷೆಯಲ್ಲಿ ಅಡಿಗೆಮನೆ ಯಾವ ದಿಕ್ಕಿಗೆ ಎಂದು ಹುಡುಕುತ್ತಿದ್ದವಳು, ತಿರುಗದೆಯೇ ಹೇಳಿದಳು: "ನಮ್ಮ ಹಳೆ ಮನೆ ಹಿಂದೆಯೂ ಇತ್ತಲ್ಲ ಒಂದು. ಉಮ್ಮ ಆ ಕಡೆ ಮೀನು ತೊಳೆದ ನೀರು ಚೆಲ್ಲಲಿಕ್ಕೆ ಬಿಡ್ತಿರ್ಲಿಲ್ಲ."

ನಮ್ಮ ಉಮ್ಮ ಹಾಗೆ ಬೈಯುತ್ತಿದ್ದದ್ದು ನನಗೆ ಮರೆತೇ ಹೋಗಿತ್ತು. ಭಾವ ತಲೆ ತುರಿಸಿದ. ಕಾಂಪೌಂಡನ್ನು ಒಂದಿಷ್ಟು ಒಳಗೆ ತಂದು ಕಲ್ಲನ್ನು ಹೊರಗೆ ಬಿಟ್ಟರಾಗದೇ ಎಂದು ಕೇಳಿದ. ಧಾರಾಳ ಆಗ್ತದೆ ಎಂದರು ಇವರು. "ಸರಿ. ನಾನು ಒಪ್ಪಿದೆ" ಎಂದ ಭಾವ, ಬಾಯಿ ಬಿಟ್ಟು, ಎಲ್ಲರಿಗೂ ಕೇಳುವ ಹಾಗೆ. ನಾನು ಉಸಿರು ಬಿಡುವಷ್ಟರಲ್ಲಿ ಅವನು ಮ್ಯಾನೇಜರನ ಕಡೆ ತಿರುಗಿದ್ದ. "ಈ ವಿಷಯ ಕೇಳಿದ ಮೇಲೆ ಬೇರೆ ಯಾರೂ ಈ ಸೈಟು ತೆಗೊಳ್ಳುದಿಲ್ಲ. ಎಷ್ಟು ಇಳಿಸ್ತೀರಿ ಹೇಳಿ."

ನಮ್ಮವರ ವ್ಯಾಪಾರದ ಬುದ್ಧಿಯ ಮೇಲೆ ನನಗೆ ನಂಬಿಕೆ ಇಲ್ಲವೆಂದಲ್ಲ. ಆದರೆ ಆ ಹೊತ್ತಿಗೂ ಅದು ಎಚ್ಚರವಿರುತ್ತದೆ ಎಂದು ತಿಳಿದಿರಲಿಲ್ಲ. ಜಾಗದಕ್ಕ ಕೊಡೆಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ನಕ್ಕರು. ನಗುವಾಗ ಅವರು ಬ್ರೋಕರ್ ಹಾಗೆ ಕಾಣುತ್ತಿರಲಿಲ್ಲ. ದರ ಇಳಿಯಿತು. ಕಮಿಷನಿನಲ್ಲಿ ಮಾತ್ರ ಅವರು ಬಿಡಿಗಾಸು ಇಳಿಸಲಿಲ್ಲ.

ಹೊರಗೆ ಬಂದು ಕಲ್ಲು ನೋಡುವ ಎಂದ ಭಾವ. ಆ ಮೂಲೆಯಲ್ಲಿ ಮಳೆಯ ಹುಲ್ಲು, ಮುಳ್ಳಿನ ಪೊದೆ ಎದೆಮಟ್ಟ ಬೆಳೆದಿತ್ತು. "ಈಗ ಬೇಡ" ಎಂದು ಜಾಗದಕ್ಕ ನನ್ನ ಕಡೆ ಕೈ ತೋರಿಸಿದರು. "ಹಾವು ಗೀವು ಇದ್ರೆ ನಿಮ್ಮ ಈ ಭಾವನಿಗೆ ಬೊಬ್ಬೆ ಹಾಕ್ಲಿಕ್ಕೆ ಒಂದು ನೆವ. ದೀಪಾವಳಿ ಕಳೆಯಲಿ, ಹುಲ್ಲು ಒಣಗ್ತದೆ. ಬರಿಗಾಲಲ್ಲಿ ಹೋಗ್ಬೇಕು ಅಲ್ಲಿಗೆ. ನಾನೇ ಬಂದು ತೋರಿಸ್ತೇನೆ" ಎಂದರು. ಎಲ್ಲಿ ಎಂದು ಕೇಳಿದ್ದಕ್ಕೆ ಕೊಡೆಯನ್ನು ಪೊದೆಯ ಕಡೆ ಬೀಸಿ, "ಇಲ್ಲೇ" ಎಂದರು.

ವಾಪಸು ಬರುವಾಗ ಬಸ್ಸಿನಿಂದ ಇಳಿಯುವ ಮೊದಲು ಅವರು, "ಬಾಯಿ ಬಿಟ್ಟು ಒಪ್ಪಿದ್ರಲ್ಲ, ಅಷ್ಟು ಸಾಕು. ಆ ಹೆಂಗ್ಸಿಗೆ ಇನ್ನು ನಾನು ಮುಖ ತೋರಿಸ್ಬಹುದು" ಎಂದರು. ಮುಂಬಯಿಯಲ್ಲಿ ತೀರಿಹೋದವರಿಗೆ ಮುಖ ತೋರಿಸುವ ಮಾತು. ನಾನು ಅದನ್ನು ಮಾತಿನ ಮಾತು ಎಂದೇ ತಿಳಿದೆ. ಅವರೂ ಹಾಗೆಯೇ ಆಡಿದ್ದಿರಬೇಕು.

ದೀಪಾವಳಿಯ ಮುಂಚಿನ ವಾರ, ಬೆಳಿಗ್ಗೆ ಅಂಗಡಿಯಲ್ಲಿ ಜನ ಇದ್ದ ಹೊತ್ತಿಗೆ ಫೋನು ಬಂತು. ಬಸ್ಸಿನ ಹಾರನ್ ಸದ್ದಿನ ನಡುವೆ ಯಾರದೋ ಗಂಡು ಸ್ವರ.

"ಇದು ಹೆಡ್ ಆಫೀಸಾ?"

ರಾಂಗ್ ನಂಬರ್ ಎಂದು ಇಟ್ಟುಬಿಡುವವನಿದ್ದೆ. ಆ ಮೇಲೆ ಹೊಳೆಯಿತು. ವೇಣೂರಿನಿಂದ ಮೂಡುಬಿದಿರೆಗೆ ಬರುವ ಬಸ್ಸಿನ ಕಂಡಕ್ಟರ್. "ನಿಮ್ಮ ಆಫೀಸಿನ ಮೇಡಂ ಬಸ್ಸಿನಲ್ಲಿ ಕೂತಲ್ಲೇ... ನಿದ್ದೆ ಅಂತ ತಿಳ್ಕೊಂಡೆವು. ಸ್ಟಾಂಡಿನಲ್ಲಿ ಎಬ್ಬಿಸಿದ್ರೆ ಏಳ್ಲಿಲ್ಲ. ಆಸ್ಪತ್ರೆಗೆ ತಂದಿದ್ದೇವೆ. ಇಲ್ಲಿ ಹೋಗಿದ್ದಾರೆ ಅಂತ ಹೇಳ್ತಾರೆ ಸಾರ್. ಚೀಲದಲ್ಲಿ ಈ ಕಾರ್ಡ್ ಮಾತ್ರ ಇತ್ತು."

ನನ್ನ ಜೀವಮಾನದ ಚಿಂತೆಗಳನ್ನೆಲ್ಲ ಒಟ್ಟು ಹಾಕಿದರೂ ಇದು ಅದರಲ್ಲಿ ಇರಲಿಲ್ಲ. ಅವರ ಲೈಸೆನ್ಸು ಹೋಗುವ ಬಗ್ಗೆ ಯೋಚಿಸಿದ್ದೆ, ನನ್ನದು ಹೋಗುವ ಬಗ್ಗೆ ಯೋಚಿಸಿದ್ದೆ. ಅವರೇ ಹೋಗಬಹುದು ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಅಂಥವರು ಹೋಗುವುದಿಲ್ಲ ಎಂದು ಯಾಕೋ ನಾವು ನಂಬಿರುತ್ತೇವೆ. ಝೆರಾಕ್ಸ್ ಯಂತ್ರ ಓಡುತ್ತಲೇ ಇತ್ತು. ಯಾರದೋ ಒಂದೇ ಪಹಣಿಯ ಪ್ರತಿಗಳು ಒಂದರ ಮೇಲೊಂದು ಬೀಳುತ್ತಲೇ ಇದ್ದವು. ಪಕ್ಕದಲ್ಲಿ ನಿಂತವರು ಸ್ವಿಚ್ ತೆಗೆದರು. ವೇಣೂರಿನಲ್ಲಿದ್ದ ಅವರ ತಂಗಿಗೆ ಸುದ್ದಿ ತಿಳಿಸಬೇಕಾದವನು ನಾನಾದೆ. ಹೆಡ್ ಆಫೀಸಲ್ಲವೇ!

ಹುಲ್ಲು ಒಣಗಿತು. ಭಾವ ಆಳು ಇಟ್ಟು ಮೂಲೆ ಸವರಿಸಿದ. ಮೆಷೀನು ತರಿಸಲಿಲ್ಲ. ಕತ್ತಿಯಿಂದಲೇ, ನಿಧಾನವಾಗಿ. ನಾನೂ ಹೋದೆ. ಇಬ್ಬರೂ ಚಪ್ಪಲಿ ಕಳಚಿ ಒಳಗೆ ನಡೆದೆವು. ಪೊದೆ ಹೋದ ಜಾಗದಲ್ಲಿ ಹಲಸಿನಕಾಯಿಯಷ್ಟು ದೊಡ್ಡ ಕಲ್ಲು ಕಂಡಿತು. ಅದರಿಂದ ಸ್ವಲ್ಪ ಈಚೆ ಅಷ್ಟೇ ದೊಡ್ಡ ಇನ್ನೊಂದು. ಇನ್ನೂ ಈಚೆ, ನಾವು ನಿಂತಲ್ಲಿಗೆ ಹತ್ತಿರ, ಮತ್ತೊಂದು. ಮೂರಕ್ಕೂ ಅದೇ ಪಾಚಿ. ಕಳೆದ ವರ್ಷದ ಎಳನೀರಿನ ಬುರುಡೆಯನ್ನು ಯಾವ ದನ ಎಳೆದುಕೊಂಡು ಹೋಗಿತ್ತೋ.

"ಯಾವುದು?" ಎಂದ ಭಾವ.

ಜಾಗದಕ್ಕನ ತಂಗಿಗೆ ಫೋನು ಮಾಡಿದೆ. "ನನಗೆಂತ ಗೊತ್ತು? ಅಕ್ಕ ಒಬ್ಳೇ ಹೋಗ್ತಿದ್ದದ್ದು" ಎಂದರು. ಜಾಗ ಮಾರಿದ ಹೆಂಗಸಿನ ಮುಂಬಯಿಯ ತಂಗಿಯ ನಂಬ್ರ ಹುಡುಕಿ ಕೇಳಿದೆ. ಕಲ್ಲು ಒಂದು ಉಂಟಂತೆ ಎನ್ನುವುದಷ್ಟೇ ಅವರಿಗೆ ಗೊತ್ತು. ಹುಲ್ಲು ಸವರುತ್ತಿದ್ದ ಹೆಂಗಸು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಮುಖ ನೋಡಿದಳು. "ಇಷ್ಟೆಲ್ಲ ತಲೆ ಯಾಕೆ ಬಿಸಿ ಮಾಡ್ತೀರಿ ಬ್ಯಾರಿಗಳೇ? ಮೂರನ್ನೂ ಬಿಡಿ. ಒಂದಕ್ಕೆ ಸಿಟ್ಟು ಬರುದಿಲ್ಲ, ಎರಡಕ್ಕೆ ಖುಷಿ ಆಗ್ತದೆ."

ಭಾವ ಮೂರರ ಸುತ್ತಲೂ ಹೆಜ್ಜೆ ಅಳೆದು ನೋಡಿದ. ಕಡೆಗೆ, "ಒಂದು ಅಂತ ಹೇಳಿ ಮೂರು ಕೊಟ್ಟು ಹೋದ್ರಲ್ಲ ಮಾರಾಯ ನಿನ್ನ ಅಕ್ಕ! ಇದಕ್ಕೆ ಸೇರಿಸಿ ಇನ್ನೂ ಸ್ವಲ್ಪ ಇಳಿಸ್ಬಹುದಿತ್ತು" ಎಂದು ಮೇಸ್ತ್ರಿಯನ್ನು ಕರೆದ.

ಆದದ್ದು ಇಷ್ಟೇ. ಹೇಳಬೇಕಾದವರಿಗೆಲ್ಲ ಹೇಳಿದರು, ತೋರಿಸಲು ಆಗಲಿಲ್ಲ. ಹಾಗಾಗಿ ಆ ಲೇಔಟಿನಲ್ಲಿ ಎಲ್ಲರ ಕಾಂಪೌಂಡೂ ದಾರ ಹಿಡಿದ ಹಾಗೆ ನೆಟ್ಟಗಿದ್ದರೆ ನಮ್ಮ ಭಾವನದು ಮೂರು ಕಡೆ ಒಳಗೆ ಬಾಗಿದೆ. ಮೇಸ್ತ್ರಿಗೆ ಅದು ನಾಚಿಕೆ. ಕೇಳಿದವರಿಗೆ, ತಾನು ಕಟ್ಟಿದ್ದಲ್ಲ ಎನ್ನುತ್ತಾನೆ.